ದೊಡ್ಡ ಕಾರ್ಖಾನೆ ಬಂತು, ಸಣ್ಣದು ಏಕೆ ಬರಲಿಲ್ಲ?

ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿದ್ದು 1997ರಲ್ಲಿ. 1999ರ ಕೊನೆಗೆ ಅಲ್ಲಿಂದ ಮೊದಲ ಕ್ವಾಲಿಸ್ ಹೊರಬಂತು. ನೋಡನೋಡುತ್ತ ಕಾರ್ಖಾನೆಯ ಮಗ್ಗುಲಲ್ಲೇ ಸೀಟು ತಯಾರಿಸುವವರು, ತಗಡು ಒತ್ತುವವರು, ಬಿಡಿಭಾಗ ಜೋಡಿಸಿ ಕೊಡುವವರು ಬಂದು ನೆಲೆಸಿದರು. ಶಹಾಬಾದಿಗೆ ಸಿಮೆಂಟ್ ಕಾರ್ಖಾನೆ ಬಂದು ಸುಮಾರು ನೂರು ವರ್ಷ. ವಾಡಿಗೆ ಬಂದದ್ದು 1968ರಲ್ಲಿ. ಸೇಡಂ ತಾಲ್ಲೂಕಿನಲ್ಲಿ ಚಿಮಣಿಗಳನ್ನು ಎಣಿಸುವುದನ್ನೇ ಜನ ಬಿಟ್ಟಿದ್ದಾರೆ. ಆದರೂ ಈ ದೊಡ್ಡ ಕಾರ್ಖಾನೆಗಳ ಸುತ್ತ ಅವುಗಳಿಗೆ ಸಾಮಾನು ಒದಗಿಸುವ ಸಣ್ಣ ಕಾರ್ಖಾನೆಗಳ ಬಳಗವೊಂದು ಬೆಳೆಯಲಿಲ್ಲ. ಏಕೆ?

ಕಲಬುರಗಿ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲದವರು ಯಾರೂ ಇಲ್ಲ. ವೇದಿಕೆಯ ಮೇಲಿನ ರಾಜಕಾರಣಿಯದು ಒಂದು ಉತ್ತರ, ಕಾರ್ಖಾನೆಯ ಖರೀದಿ ವಿಭಾಗದವರದು ಇನ್ನೊಂದು, ಟೆಂಡರ್ ಸಿಗದೆ ಬೇಸತ್ತ ಸ್ಥಳೀಯ ಗುತ್ತಿಗೆದಾರನದು ಮತ್ತೊಂದು. ಅರ್ಥಶಾಸ್ತ್ರದ ಮೇಷ್ಟ್ರ ಬಳಿ ಇವೆಲ್ಲಕ್ಕೂ ಬೇರೆಯೇ ಆದ ವಿವರಣೆ ಇರುತ್ತದೆ. ಪ್ರತಿಯೊಂದರಲ್ಲೂ ಹುರುಳಿದೆ, ಪ್ರತಿಯೊಂದೂ ಒಂದು ಹಂತಕ್ಕೆ ಬಂದು ನಿಂತುಬಿಡುತ್ತದೆ. ಯಾವುದು ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂದು ನೋಡುವುದಷ್ಟೇ ಇಲ್ಲಿನ ಕೆಲಸ.

ಕಲ್ಲು, ರೈಲು, ಕಾರ್ಖಾನೆ

ಭೂವಿಜ್ಞಾನಿಗಳು ಭೀಮಾ ಕಣಿವೆಯ ಶಿಲಾಸ್ತರಗಳಿಗೆ ಶಹಾಬಾದ್, ಸೇಡಂ ಎಂಬ ಊರ ಹೆಸರುಗಳನ್ನೇ ಇಟ್ಟಿದ್ದಾರೆ. ಎರೆಮಣ್ಣಿನ ಹೊದಿಕೆ ಸರಿಸಿದರೆ ನೀಲಿ-ಬೂದು ಬಣ್ಣದ ಸುಣ್ಣಕಲ್ಲು ಪದರ ಪದರವಾಗಿ ಸಿಗುತ್ತದೆ. ಮನೆಗೆ ಫರ್ಸಿ, ಹೊಲಕ್ಕೆ ಗಡಿಗಲ್ಲು, ಬಚ್ಚಲಿಗೆ ಹಾಸು, ಎಲ್ಲವೂ ಇದೇ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಈ ಸೀಮೆಯನ್ನು ಹಾದು 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಕವಲೊಡೆದು ಸಿಕಂದರಾಬಾದಿಗೆ ಹೋಯಿತು. ಕಲ್ಲೂ ಸಾಗಣೆಯೂ ಒಂದೇ ಕಡೆ ಕೂಡಿದ ಮೇಲೆ ಬಂಡವಾಳ ಬರಲು ತಡವಾಗಲಿಲ್ಲ. ನಿಜಾಮರ ಕಾಲದಲ್ಲೇ ಶಹಾಬಾದ್ ಸಿಮೆಂಟ್ ಕಂಪನಿ ಶುರುವಾಯಿತು. 1936ರಲ್ಲಿ ದೇಶದ ಹಲವು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಅದೂ ಅದರೊಳಗೆ ಸೇರಿತು.

ಸ್ವಾತಂತ್ರ್ಯದ ನಂತರದ ನಕ್ಷೆ ಎರಡು ದೊಡ್ಡ ಅಲೆಗಳಲ್ಲಿ ಬಿಡಿಸಿಕೊಂಡಿತು. ಆರಂಭದ ದಶಕಗಳಲ್ಲಿ ಸಿಮೆಂಟಿನ ಬೆಲೆ, ಹಂಚಿಕೆ ಎರಡೂ ಸರ್ಕಾರದ ಕೈಯಲ್ಲಿದ್ದವು. ವಾಡಿಯ ಎಸಿಸಿ, ಕುರಕುಂಟಾದಲ್ಲಿ ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಪೊರೇಷನ್ನಿನ ಪುಟ್ಟ ಕಾರ್ಖಾನೆ, ಇವು ಆ ಕಾಲದವು. 1982ರಲ್ಲಿ ಸರ್ಕಾರ ಹಿಡಿತ ಅರ್ಧ ಸಡಿಲಿಸಿತು, 1989ರಲ್ಲಿ ಪೂರ್ತಿ ಬಿಟ್ಟಿತು. ಈ ನಡುವೆಯೇ ಮಳಖೇಡದ ಬಳಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ ಎದ್ದು ನಿಂತವು. ಸ್ಪರ್ಧೆ ಏರಿದ ಹಾಗೆ ಕುರಕುಂಟಾ ಉಸಿರುಗಟ್ಟಿ ಮುಚ್ಚಿತು. 2010ರ ನಂತರದ್ದು ಎರಡನೆಯ ಅಲೆ. ಚಿಂಚೋಳಿ ತಾಲ್ಲೂಕಿನ ಛತ್ರಸಾಲಕ್ಕೆ ಫ್ರಾನ್ಸಿನ ವಿಕಾ ಕಂಪನಿ ಬಂತು, ಅದೇ ತಾಲ್ಲೂಕಿಗೆ ಚೆಟ್ಟಿನಾಡ್ ಬಂತು, ಚಿತ್ತಾಪುರದ ಇಟಗಾದಲ್ಲಿ 2015ರಲ್ಲಿ ಓರಿಯೆಂಟ್, ಸೇಡಂನ ಕೋಡ್ಲಾದಲ್ಲಿ ಶ್ರೀ ಸಿಮೆಂಟ್.

ಆಮೇಲೆ ಬಂದದ್ದು ಹೊಸ ಕಾರ್ಖಾನೆಯಲ್ಲ, ಹೊಸ ಒಡೆತನ. ಅದರ ಮಾತು ಮುಂದಿದೆ.

ಕಾರಿನ ಅಳತೆಗೋಲು

ಸಿಮೆಂಟಿನ ಊರನ್ನು ಕಾರಿನ ಊರಿನ ಜೊತೆ ಹೋಲಿಸುವುದು ನ್ಯಾಯವೇ ಎಂದು ಕೇಳಬಹುದು. ಆದರೆ ಇಂಥ ಬಳಗವನ್ನು ಸೂಚಿಸುವ "ಕ್ಲಸ್ಟರ್" ಎಂಬ ಮಾತು ಇವತ್ತು ಕೈಗಾರಿಕಾ ನೀತಿಯ ಪ್ರತಿ ಪುಟದಲ್ಲಿ ಕಾಣಿಸುತ್ತದೆ. ಅದನ್ನು ಬಳಸುವವರ ಕಣ್ಣಮುಂದೆ ನಿಂತಿರುವುದು ವಾಹನೋದ್ಯಮವೇ. ಒಂದು ಕಾರಿನಲ್ಲಿ ಬೋಲ್ಟು-ನಟ್ಟು ಸೇರಿ ಸುಮಾರು 30 ಸಾವಿರ ಬಿಡಿಭಾಗಗಳಿರುತ್ತವೆ ಎನ್ನುತ್ತದೆ ಟೊಯೊಟಾ. ಅಷ್ಟನ್ನೂ ಒಂದೇ ಕಂಪನಿ ಮಾಡಲಾಗದು. ಮಾಡಿಸಿಕೊಳ್ಳಬೇಕು, ಮಾಡಿಕೊಡುವವರು ಹತ್ತಿರದಲ್ಲಿರಬೇಕು, ಅವರ ಗುಣಮಟ್ಟ ತಪ್ಪಬಾರದು. ಈ ಒತ್ತಡವೇ ಸರಬರಾಜುದಾರರ ಬಳಗವನ್ನು ಹುಟ್ಟಿಸಿತು.

ನಮ್ಮ ಸಿಮೆಂಟ್ ಊರುಗಳಿಗೆ ಹೆಚ್ಚು ಪಾಠ ಹೇಳುವುದು ಟೊಯೊಟಾ ಅಲ್ಲ, ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತ್ಯ. ಅದೂ ಗಣಿಯ ನಾಡು. ಎರ್ಜ್‌ಬರ್ಗ್ ಎಂಬ ಕಬ್ಬಿಣದ ಬೆಟ್ಟವನ್ನು ಶತಮಾನಗಳಿಂದ ಕಡಿದು ತಿಂದ ನಾಡು. 1980ರ ದಶಕದಲ್ಲಿ ಅಲ್ಲಿನ ಸರ್ಕಾರಿ ಉಕ್ಕಿನ ಉದ್ಯಮ ಕುಸಿದು ಊರೂರೇ ಕೆಲಸ ಕಳೆದುಕೊಂಡವು. 1990ರ ದಶಕದ ಮಧ್ಯದಲ್ಲಿ ಪ್ರಾಂತ್ಯದ ಆಡಳಿತ, ಕಂಪನಿಗಳು, ವಿಶ್ವವಿದ್ಯಾಲಯಗಳು ಕೂಡಿ ವಾಹನೋದ್ಯಮದ ಒಂದು ಸಹಕಾರ ಸಂಸ್ಥೆ ಕಟ್ಟಿದರು. ಇಂದು ಗ್ರಾಜ್ ನಗರದಲ್ಲಿ ಮ್ಯಾಗ್ನಾ ಕಂಪನಿ ಬೇರೆ ಬೇರೆ ಬ್ರಾಂಡುಗಳ ಕಾರು ಜೋಡಿಸಿ ಕೊಡುತ್ತದೆ. ಆದರೆ ಒಂದನ್ನು ಮರೆಯಬಾರದು. ಸ್ಟೈರಿಯಾದವರು ಬರಿಗೈಲಿ ಶುರುಮಾಡಲಿಲ್ಲ. ಲೋಹದ ಕೆಲಸದಲ್ಲಿ ಪಳಗಿದ ಕೈಗಳು, ಎಂಜಿನ್ ವಿನ್ಯಾಸದ ಕಂಪನಿಗಳು, ತಾಂತ್ರಿಕ ವಿಶ್ವವಿದ್ಯಾಲಯ ಮೊದಲೇ ಅಲ್ಲಿದ್ದವು. ಚದುರಿದ್ದನ್ನು ಕೂಡಿಸಿದ್ದಷ್ಟೇ ಅವರ ಹೊಸ ಕೆಲಸ.

ಬೆಂಗಳೂರಿನ ಪೀಣ್ಯದ ಕಥೆಯೂ ಇದೇ ಜಾಡಿನದು. 1951ರ ಮೈಕೋ, 1953ರ ಎಚ್‌ಎಂಟಿ ಮುಂತಾದ ಕಾರ್ಖಾನೆಗಳಲ್ಲಿ ಕೈ ಪಳಗಿಸಿಕೊಂಡವರು ಹೊರಬಂದು ಒಂದು ಲೇತು, ಎರಡು ಲೇತು ಹಾಕಿದರು. ಹಳೆಯ ಯಜಮಾನರೇ ಮೊದಲ ಗಿರಾಕಿಯಾದರು. ಹಾಗಾದರೆ ಶಹಾಬಾದಿನಲ್ಲಿ ಪಳಗಿದ ಕೈಗಳಿರಲಿಲ್ಲವೇ? ಇದ್ದವು, ಚೆನ್ನಾಗಿಯೇ ಇದ್ದವು. ಈ ಲೇಖನದ ಅತ್ಯಂತ ತೊಡಕಿನ ಗಂಟು ಅದು.

ಸಿಮೆಂಟಿನ ಜಾಯಮಾನ

ಕಾರ್ಖಾನೆಯವರು ಸಾಮಾನ್ಯವಾಗಿ ಕೊಡುವ ಉತ್ತರ ಸರಳ: ಸಿಮೆಂಟಿಗೆ ಬಿಡಿಭಾಗವೇ ಇಲ್ಲ. ಈ ವಾದಕ್ಕೆ ಹಿರಿಯರ ಬೆಂಬಲವೂ ಇದೆ. ಕಾರ್ಖಾನೆ ಎಲ್ಲಿ ಕೂರಬೇಕೆಂಬುದರ ಬಗ್ಗೆ 1909ರಲ್ಲಿ ಪುಸ್ತಕ ಬರೆದ ಜರ್ಮನಿಯ ಆಲ್‌ಫ್ರೆಡ್ ವೇಬರ್ ಹೇಳಿದ್ದು ಇಷ್ಟು: ಸಂಸ್ಕರಿಸುವಾಗ ತೂಕ ಕಳೆದುಕೊಳ್ಳುವ ಕಚ್ಚಾವಸ್ತುವಿದ್ದರೆ ಕಾರ್ಖಾನೆ ಅದರ ಬುಡಕ್ಕೇ ಹೋಗುತ್ತದೆ. ಒಂದು ಟನ್ ಕ್ಲಿಂಕರ್, ಅಂದರೆ ಅರೆದು ಸಿಮೆಂಟ್ ಮಾಡುವ ಸುಟ್ಟ ಗಟ್ಟಿ, ಆಗಲು ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕು. ಉಳಿದದ್ದು ಇಂಗಾಲದ ಡೈಆಕ್ಸೈಡಾಗಿ ಚಿಮಣಿಯಿಂದ ಹೋಗುತ್ತದೆ. ಗಾಳಿಗೆ ಹೋಗುವ ತೂಕಕ್ಕೆ ರೈಲು ಬಾಡಿಗೆ ಕೊಡುವ ಪೆದ್ದರು ಯಾರೂ ಇಲ್ಲ. ಆದ್ದರಿಂದ ಕಾರ್ಖಾನೆ ಸೇಡಂಗೆ ಬಂದದ್ದು ಸೇಡಂನ ಜನರಿಗಾಗಿಯೂ ಅಲ್ಲ, ಮಾರುಕಟ್ಟೆಗಾಗಿಯೂ ಅಲ್ಲ, ಕಲ್ಲಿಗಾಗಿ. ಕಲ್ಲಲ್ಲದೆ ಬೇಕಾದದ್ದು ಕಲ್ಲಿದ್ದಲು, ಜಿಪ್ಸಂ, ಹಾರುಬೂದಿ. ಇವನ್ನು ಲೇತು ಹಾಕಿದ ಯಾವ ಸಣ್ಣ ಉದ್ಯಮಿಯೂ ತಯಾರಿಸಿ ಕೊಡಲಾರ.

ಕೇಳಲು ಪಕ್ಕಾ ಅನಿಸುತ್ತದೆ. ಆದರೆ ಮಳೆಗಾಲದಲ್ಲಿ ಬೇಡಿಕೆ ತಗ್ಗಿ ಕಿಲ್ನ್ ನಿಲ್ಲಿಸಿದಾಗ ಒಳಗೆ ಹೋಗಿ ನೋಡಿದರೆ ವಾದ ಬಿರುಕು ಬಿಡುತ್ತದೆ. ಕಿಲ್ನ್ ಎಂದರೆ ತುಸು ಓರೆಯಾಗಿ ಮಲಗಿ ನಿಧಾನವಾಗಿ ತಿರುಗುವ, ಲಾರಿಯೇ ಒಳಹೊಗುವಷ್ಟು ದಪ್ಪದ ಉಕ್ಕಿನ ಕೊಳವೆ. ಒಳಗಿನ ಸರಕು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಉಕ್ಕು ಕರಗದಂತೆ ಕಾಯುವುದು ಒಳಮೈಗೆ ಸುತ್ತಲೂ ಕೂರಿಸಿದ ಉಷ್ಣನಿರೋಧಕ ಇಟ್ಟಿಗೆ. ಶಟ್‌ಡೌನ್‌ನಲ್ಲಿ ಮೊದಲು ಕಿಲ್ನ್ ತಣಿಯಬೇಕು. ಆಮೇಲೆ ಸವೆದ ಇಟ್ಟಿಗೆ ಒಡೆದು ಹೊರಗೆ ಹಾಕುತ್ತಾರೆ, ಹೊಸದನ್ನು ಸುತ್ತು ಸುತ್ತಾಗಿ ಕೂರಿಸುತ್ತಾರೆ, ಪ್ರತಿ ಸುತ್ತಿನ ಕೊನೆಯ ಸಂದಿಗೆ ಉಕ್ಕಿನ ಪಟ್ಟಿ ಬಡಿದು ಬಿಗಿಮಾಡುತ್ತಾರೆ. ಒಂದು ಸುತ್ತು ಸಡಿಲವಾದರೆ ಮತ್ತೆ ಇಡೀ ಕಿಲ್ನ್ ನಿಲ್ಲಬೇಕಾದೀತು. ಅದೇ ಹೊತ್ತಿನಲ್ಲಿ ಬೇರೆ ಕಡೆ ಗ್ರೈಂಡಿಂಗ್ ಮಿಲ್ಲಿನ ಲೈನರ್ ಬದಲಾಗುತ್ತಿರುತ್ತದೆ, ಕನ್ವೇಯರ್ ಬೆಲ್ಟ್ ಜೋಡಣೆ ನಡೆದಿರುತ್ತದೆ, ಫ್ಯಾನಿನ ಬೇರಿಂಗ್ ಕಳಚಿರುತ್ತದೆ, ದೂಳು ಹಿಡಿಯುವ ಬಟ್ಟೆಯ ಚೀಲಗಳನ್ನು ಸಾಲಾಗಿ ಬದಲಿಸುತ್ತಿರುತ್ತಾರೆ. ವೆಲ್ಡರ್, ಫಿಟ್ಟರ್, ಗ್ಯಾಸ್ ಕಟ್ಟರ್, ರಿಗ್ಗರ್ ತಂಡಗಳು ಹಗಲು ರಾತ್ರಿ ಪಾಳಿಯಲ್ಲಿರುತ್ತವೆ.

ಅಂದರೆ ಸಿಮೆಂಟಿಗೆ ಬಿಡಿಭಾಗವಿಲ್ಲ, ಆದರೆ ಸಿಮೆಂಟ್ ಮಾಡುವ ಯಂತ್ರಕ್ಕೆ ಬೇಕಾದಷ್ಟಿದೆ. ಕಾರಿನ ಬಳಗ ಉತ್ಪನ್ನದ ಸುತ್ತ ಬೆಳೆದರೆ ಇಲ್ಲಿನದು ನಿರ್ವಹಣೆಯ ಸುತ್ತ ಬೆಳೆಯಬಹುದಿತ್ತು. ವೇಬರ್ ಸಾಹೇಬರ ಲೆಕ್ಕ ಕಾರ್ಖಾನೆ ಏಕೆ ಇಲ್ಲಿ ಬಂತೆಂದು ಹೇಳುತ್ತದೆ, ಬಂದ ಮೇಲೆ ಸುತ್ತಲಿನ ಊರು ಏಕೆ ಹಾಗೇ ಉಳಿಯಿತೆಂದು ಹೇಳುವುದಿಲ್ಲ.

ಕಾಂಪೌಂಡಿನೊಳಗಿನ ಊರು

ವೇಬರ್ ಲೆಕ್ಕ ಬಿಟ್ಟ ಆ ಜಾಗವನ್ನು ತುಂಬಲು ಬರುವುದು, ಕಾರ್ಖಾನೆ ಸುತ್ತಲಿನ ಊರಿಗೆ ಅಂಟದ ನಡುಗಡ್ಡೆ ಎಂಬ ವಾದ. ಅರ್ಥಶಾಸ್ತ್ರಜ್ಞ ಆಲ್‌ಬರ್ಟ್ ಹರ್ಷ್‌ಮನ್ 1958ರಲ್ಲಿ ಹಿಂಕೊಂಡಿ, ಮುಂಕೊಂಡಿ ಎಂಬ ಲೆಕ್ಕ ಮುಂದಿಟ್ಟರು. ಒಂದು ಉದ್ಯಮ ತನಗೆ ಬೇಕಾದದ್ದನ್ನು ಕೊಳ್ಳುತ್ತ ಹಿಂದಿನ ಉದ್ಯಮಗಳನ್ನು ಹುಟ್ಟಿಸುತ್ತದೆ, ತನ್ನ ಸರಕು ಕೊಡುತ್ತ ಮುಂದಿನವನ್ನು. ಗಣಿಗಾರಿಕೆಯಂಥವು ಎರಡೂ ಕಡೆ ದುರ್ಬಲ ಎಂದೂ ಅವರೇ ಎಚ್ಚರಿಸಿದ್ದರು. ಅದಕ್ಕೂ ತುಸು ಮೊದಲು ಫ್ರಾನ್ಸಿನ ಫ್ರಾಂಸ್ವಾ ಪೆರು, ಬೆಳವಣಿಗೆ ಎಲ್ಲೆಡೆ ಸಮನಾಗಿ ಹರಡದೆ ಕೆಲವು ದೊಡ್ಡ ಉದ್ಯಮಗಳೆಂಬ "ಬೆಳವಣಿಗೆಯ ಧ್ರುವ"ಗಳ ಸುತ್ತ ಹಬ್ಬುತ್ತದೆ ಎಂದಿದ್ದರು. ಹಿಂದುಳಿದ ಸೀಮೆಗೆ ಒಂದು ದೊಡ್ಡ ಕಾರ್ಖಾನೆ ಕೊಟ್ಟರೆ ಸುತ್ತಲಿನದು ತಾನೇ ಮೇಲೇಳುತ್ತದೆ ಎಂಬ ನಂಬಿಕೆ ನಮ್ಮ ಯೋಜನೆಗಳಿಗೆ ಬಂದದ್ದು ಆ ಮಾತಿನಿಂದ.

ವಾಡಿಯ ಎಸಿಸಿ ಕಾಲನಿ, ಮಳಖೇಡದ ಆದಿತ್ಯನಗರ ಆ ನಂಬಿಕೆಗೆ ಎದುರುನಿಂತ ಸಾಕ್ಷಿ. ಒಳಗೆ ಸ್ವಂತ ಶಾಲೆ, ಆಸ್ಪತ್ರೆ, ನೀರು, ಬೀದಿದೀಪ. ಹೊರಗೆ ದೂಳು, ತೊಗರಿ ಹೊಲ, ಸಾಲುಗಟ್ಟಿ ನಿಂತ ಲಾರಿ. ಕಾಲನಿಯ ಶಾಲೆಯಲ್ಲಿ ಕಲಿತ ಅಧಿಕಾರಿಯ ಮಗ ಬೆಂಗಳೂರಿಗೋ ಪುಣೆಗೋ ಹೋಗುತ್ತಾನೆ, ಅವನ ತಂದೆ ವರ್ಗವಾಗಿ ಬೇರೆ ರಾಜ್ಯದ ಕಾರ್ಖಾನೆಗೆ ಹೋಗುತ್ತಾರೆ. ಪೀಣ್ಯದಲ್ಲಿ ಆದದ್ದು, ಅಂದರೆ ಕೆಲಸ ಬಿಟ್ಟು ಪಕ್ಕದಲ್ಲೇ ಶೆಡ್ ಹಾಕುವುದು, ಇಲ್ಲಿ ಆಗಲು ಅಧಿಕಾರಿಗೆ ಇಲ್ಲಿ ಬೇರು ಇರಬೇಕಿತ್ತು. ಸ್ಥಳೀಯನಿಗೆ ಸಿಕ್ಕದ್ದು ಹೆಚ್ಚಾಗಿ ಲೋಡಿಂಗ್, ಕಸ, ಕಾವಲು, ಗುತ್ತಿಗೆ ಕೂಲಿ. ಯಂತ್ರದ ಒಳಮೈ ನೋಡಿದವರಲ್ಲಿ ಊರಿನವರು ಕಡಿಮೆ.

ಆದರೆ ಕಾರ್ಖಾನೆ ಈ ಗೋಡೆ ಕಟ್ಟಿಕೊಂಡದ್ದು ಏಕೆ ಎಂಬ ಪ್ರಶ್ನೆಯನ್ನು ಈ ವಾದ ಜಾಣತನದಿಂದ ದಾಟಿಹೋಗುತ್ತದೆ. ವಾಡಿಯ ಕಿಲ್ನ್‌ಗಳಲ್ಲಿ ಒಂದರ ಸಾಮರ್ಥ್ಯ ದಿನಕ್ಕೆ 12,500 ಟನ್ ಕ್ಲಿಂಕರ್. ಬಂದಾಗ ಜಗತ್ತಿನಲ್ಲೇ ದೊಡ್ಡದೆಂದು ಹೆಸರಾದದ್ದು. ಅದು ಒಂದು ಗಂಟೆ ನಿಂತರೆ 520 ಟನ್ ನಷ್ಟ. ಅಂಥ ಯಂತ್ರದ ಬೇರಿಂಗನ್ನು ಹೊಸಬನ ಕೈಗೆ ಕೊಡಲು ಯಾವ ಮ್ಯಾನೇಜರನಿಗೂ ಎದೆ ಬಾರದು. ಗೋಡೆ ಕಟ್ಟಿದ್ದು ಬರೀ ದೊಡ್ಡಸ್ತಿಕೆಯಲ್ಲ, ಭಯ ಕೂಡ. ಕಾರಿನ ಕಂಪನಿ ತನ್ನ ಸರಬರಾಜುದಾರನ ಶೆಡ್ಡಿಗೆ ಎಂಜಿನಿಯರನ್ನು ಕಳಿಸಿ ಕಲಿಸುತ್ತದೆ, ಏಕೆಂದರೆ ಬಿಡಿಭಾಗ ಅದಕ್ಕೆ ಪ್ರತಿದಿನವೂ ಬೇಕು. ಸಿಮೆಂಟಿನವರಿಗೆ ಬೇಕಾಗುವುದು ವರ್ಷಕ್ಕೊಮ್ಮೆ, ಕೆಟ್ಟಾಗ ಇನ್ನೊಮ್ಮೆ. ಕಲಿಸುವ ತಾಳ್ಮೆ ಅಲ್ಲಿ ಹುಟ್ಟುವುದು ಕಷ್ಟ.

ಶಹಾಬಾದಿನ ಬಾಯ್ಲರ್

ಈಗ ಶಹಾಬಾದಿನ ಪಳಗಿದ ಕೈಗಳ ಆ ಗಂಟಿಗೆ ಬರೋಣ. ಎಸಿಸಿ ಶಹಾಬಾದಿನಲ್ಲಿ ಸಿಮೆಂಟ್ ಮಾಡುವುದಷ್ಟಕ್ಕೆ ನಿಲ್ಲಲಿಲ್ಲ. ಇಂಗ್ಲೆಂಡಿನ ವಿಕರ್ಸ್, ಬ್ಯಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಕಂಪನಿಗಳ ಜೊತೆಗೂಡಿ ಎಸಿಸಿ-ವಿಕರ್ಸ್-ಬ್ಯಾಬ್‌ಕಾಕ್ ಎಂಬ ಭಾರಿ ಎಂಜಿನಿಯರಿಂಗ್ ಕಾರ್ಖಾನೆ ತೆರೆಯಿತು. ಜನ ಕರೆದದ್ದು ಎವಿಬಿ ಎಂದು. ಬಾಯ್ಲರ್, ಸಿಮೆಂಟ್ ಕಾರ್ಖಾನೆಯ ಯಂತ್ರಗಳು ಇಲ್ಲಿ ತಯಾರಾದವು. ಆಮೇಲೆ ಎಬಿಎಲ್, ಅಲ್‌ಸ್ಟೋಂ, 2015ರ ನಂತರ ಜಿಇ. ಬೋರ್ಡು ಬದಲಾದಷ್ಟೂ ಕೆಲಸ ಇಳಿಯುತ್ತ ಬಂತು.

ಅಂದರೆ ಸಿಮೆಂಟ್ ಸೀಮೆಯ ನಟ್ಟನಡುವೆ ಸಿಮೆಂಟ್ ಯಂತ್ರವನ್ನೇ ಕಟ್ಟಬಲ್ಲ ಕಾರ್ಖಾನೆಯಿತ್ತು. ಅಪ್ರೆಂಟಿಸ್ ತರಬೇತಿ ಇತ್ತು, ಭಾರಿ ತಗಡು ಬಗ್ಗಿಸುವ ರೋಲರುಗಳಿದ್ದವು, ಎಕ್ಸ್-ರೇ ಪರೀಕ್ಷೆಯಲ್ಲಿ ಪಾಸಾಗುವಂತೆ ಬೆಸುಗೆ ಹಾಕುವ ವೆಲ್ಡರುಗಳಿದ್ದರು. ಹರ್ಷ್‌ಮನ್ ಕೇಳುವ ಹಿಂಕೊಂಡಿ ಎಂದರೆ ಇದೇ. ಸ್ಟೈರಿಯಾದಲ್ಲಿದ್ದ ಬಂಡವಾಳವೂ ಇಂಥದೇ. ಆದರೂ ಶಹಾಬಾದ್ ಪೀಣ್ಯವಾಗಲಿಲ್ಲ.

ಒಂದು ಕಾರಣ ಕಾನೂನಿನಲ್ಲಿದೆ. ಬಾಯ್ಲರ್ ಸಿಡಿದರೆ ಜೀವ ಹೋಗುತ್ತದೆ. ಅದಕ್ಕಾಗಿಯೇ 1923ರ ಬಾಯ್ಲರ್ ಕಾಯ್ದೆ, 1950ರ ಬಾಯ್ಲರ್ ನಿಯಮಗಳು ಬಂದವು. ಉಕ್ಕಿನ ಮೂಲದಿಂದ ಹಿಡಿದು ಬೆಸುಗೆ ಹಾಕಿದವನ ಅರ್ಹತೆಯವರೆಗೆ ಎಲ್ಲಕ್ಕೂ ದಾಖಲೆ, ಇನ್ಸ್‌ಪೆಕ್ಟರರ ಮುದ್ರೆ ಬೇಕು. ಇದು ಸರಿಯೇ. ಆದರೆ ಇದರ ಫಲವಾಗಿ ಒತ್ತಡ ತಡೆಯುವ ಯಾವ ಭಾಗವನ್ನೂ ಬೀದಿ ಬದಿಯ ಶೆಡ್ಡಿಗೆ ಕೊಟ್ಟು ಮಾಡಿಸಿಕೊಳ್ಳಲು ಬರುವುದಿಲ್ಲ. ಹೊರಗೆ ಕೊಡಬಹುದಾದದ್ದು ಏಣಿ, ಕಟಕಟೆ, ಕಂಬ, ಬ್ರಾಕೆಟ್ಟಿನಂಥ ಬಡ ಕೆಲಸ. ಮೈಕೋದ ಸ್ಪಾರ್ಕ್ ಪ್ಲಗ್ಗಿನ ಸುತ್ತ ಬೆಳೆದ ಸೂಕ್ಷ್ಮ ಕೌಶಲದ ಲೇತು ಅಂಗಡಿಗೆ ಇಲ್ಲಿ ಅವಕಾಶ ಕಿರಿದಾಗಿತ್ತು.

ಇನ್ನೊಂದು ಕಾರಣ ಗಿರಾಕಿಯದು. ಬಾಯ್ಲರಿನ ಗಿರಾಕಿ ವಿದ್ಯುತ್ ಸ್ಥಾವರ. ಆರ್ಡರ್ ಬಂದರೆ ಹಬ್ಬ, ಬಾರದಿದ್ದರೆ ವರ್ಷಗಟ್ಟಲೆ ಉಪವಾಸ. ಅಷ್ಟು ಏರಿಳಿತ ತಾಳುವ ಶಕ್ತಿ ಐದು ಜನರ ಶೆಡ್ಡಿಗಿಲ್ಲ. ಕಲ್ಲಿದ್ದಲು ಸ್ಥಾವರಗಳ ಹೊಸ ಆರ್ಡರ್ ದೇಶದಲ್ಲಿ ಬತ್ತತೊಡಗಿದಾಗ ದೊಡ್ಡ ಕಾರ್ಖಾನೆಯೇ ತತ್ತರಿಸಿತು. ಕೈ ಪಳಗಿದವರು ಹರಡಿಹೋದರು. ಬಾಯ್ಲರ್ ವೆಲ್ಡರನಿಗೆ ಕೊಲ್ಲಿ ದೇಶಗಳಲ್ಲಿ ಯಾವಾಗಲೂ ಬೆಲೆ ಇದೆ.

ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುವು ಇಲ್ಲಿದೆ. "ನಮ್ಮಲ್ಲಿ ಕೌಶಲವೇ ಇರಲಿಲ್ಲ" ಎಂಬ ಮಾತನ್ನು ಶಹಾಬಾದ್ ಸುಳ್ಳು ಮಾಡುತ್ತದೆ. ಕೌಶಲ ಇತ್ತು, ಪಕ್ಕದಲ್ಲೇ ಗಿರಾಕಿಗಳೂ ಇದ್ದರು. ವಾಡಿಯ, ಸೇಡಂನ ಶಟ್‌ಡೌನ್ ಕೆಲಸ ವರ್ಷವರ್ಷವೂ ತಪ್ಪದೆ ಬರುವಂಥದು. ಶಹಾಬಾದಿನ ವೆಲ್ಡರನನ್ನೂ ಸೇಡಂನ ಕಿಲ್ನನ್ನೂ ಕೂಡಿಸುವ ಮಧ್ಯಸ್ಥ ಮಾತ್ರ ಇರಲಿಲ್ಲ. ಸ್ಟೈರಿಯಾದವರು ಕಟ್ಟಿದ್ದು ಆ ಮಧ್ಯಸ್ಥ ಸಂಸ್ಥೆಯನ್ನು.

ಹಿಂದುಳಿದದ್ದು ಯಾರಿಂದ?

ಇನ್ನು ಪ್ರದೇಶದ ಚರಿತ್ರೆಯನ್ನು ಮುಂದಿಡುವವರು. ನಿಜಾಮರ ಆಳ್ವಿಕೆಯಲ್ಲಿ ಶಿಕ್ಷಣ, ರಸ್ತೆ, ಬ್ಯಾಂಕು ಹಳೆ ಮೈಸೂರಿನ ಮಟ್ಟಕ್ಕೆ ಬರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ನಂತರವೂ, 1956ರ ಏಕೀಕರಣದ ನಂತರವೂ ಆ ಅಂತರ ಮುಚ್ಚಲಿಲ್ಲ ಎಂಬುದು ಇವರ ವಾದ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಇದಕ್ಕೆ ಅಂಕಿಗಳ ಬಲ ತಂದಿತು. ರಾಜ್ಯದ 114 ಹಿಂದುಳಿದ ತಾಲ್ಲೂಕುಗಳಲ್ಲಿ 39 ಅತಿ ಹಿಂದುಳಿದವು, ಅವುಗಳಲ್ಲಿ 21 ಕಲಬುರಗಿ ವಿಭಾಗದವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿದ್ದವು. ದೇಶಕ್ಕೆಲ್ಲ ಸಿಮೆಂಟ್ ಕೊಡುವ ತಾಲ್ಲೂಕೇ ಅತಿ ಹಿಂದುಳಿದದ್ದು!

ಹೋರಾಟದ ಫಲವಾಗಿ ಈ ಪ್ರದೇಶಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಸಂವಿಧಾನಕ್ಕೆ ಸೇರಿ 2013ರಲ್ಲಿ ಜಾರಿಯಾಯಿತು. ಅದು ಕೊಟ್ಟದ್ದು ದೊಡ್ಡದು, ಆದರೆ ಕೊಟ್ಟದ್ದು ಶಿಕ್ಷಣ ಮತ್ತು ಸರ್ಕಾರಿ ನೌಕರಿಯಲ್ಲಿ. ಖಾಸಗಿ ಕಾರ್ಖಾನೆಯ ನೌಕರಿಗೂ ಖರೀದಿಗೂ ಅದು ತಟ್ಟುವುದಿಲ್ಲ. ಖಾಸಗಿ ವಲಯದಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ ರಾಜ್ಯ ಸಂಪುಟ 2024ರ ಜುಲೈಯಲ್ಲಿ ಒಪ್ಪಿಗೆ ಕೊಟ್ಟಿತು, ಬೆಂಗಳೂರಿನ ಉದ್ಯಮಿಗಳ ಗದ್ದಲಕ್ಕೆ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು.

ಚರಿತ್ರೆಯ ವಾದ ನಿಜ, ಆದರೆ ಸಾಲದು. ಚಿಂಚೋಳಿಯ ಗಡಿಯಾಚೆ, ಅದೇ ನಿಜಾಮರ ಸೀಮೆಯಾಗಿದ್ದ ಜಹೀರಾಬಾದಿನಲ್ಲಿ 1980ರ ದಶಕದಲ್ಲಿ ಆಲ್ವಿನ್-ನಿಸಾನ್ ಸಣ್ಣ ಟ್ರಕ್ಕುಗಳ ಕಾರ್ಖಾನೆ ಬಂತು. ಮುಂದೆ ಅದು ಮಹೀಂದ್ರಾ ಪಾಲಾಯಿತು, ಟ್ರ್ಯಾಕ್ಟರ್ ಕಾರ್ಖಾನೆಯೂ ಅಲ್ಲಿಗೆ ಬಂತು. ಹೈದರಾಬಾದಿನ ಹತ್ತಿರವಿದ್ದದ್ದು ಅದರ ಅದೃಷ್ಟ. ಒಂದೇ ಚರಿತ್ರೆಯ ಎರಡು ತುಂಡುಗಳು ಬೇರೆ ಬೇರೆ ದಾರಿ ಹಿಡಿದವು ಎಂದ ಮೇಲೆ ಚರಿತ್ರೆಯೊಂದನ್ನೇ ದೂರುವುದು ಹೇಗೆ?

ಜಾಲ ಇದೆ, ಲೆಕ್ಕಕ್ಕಿಲ್ಲ

ಇಷ್ಟೂ ವಾದಗಳು ಸಿಮೆಂಟ್ ಕಾರ್ಖಾನೆಯ ಗೇಟಿನ ಮುಂದೆ ನಿಂತು ಮಾತಾಡುತ್ತವೆ. ಬೆನ್ನು ತಿರುಗಿಸಿ ನೋಡಿದರೆ ಬೇರೆಯದು ಕಾಣುತ್ತದೆ. ಇಂಗ್ಲೆಂಡಿನ ಆಲ್‌ಫ್ರೆಡ್ ಮಾರ್ಷಲ್ 1890ರಲ್ಲೇ ಸಣ್ಣ ಉದ್ಯಮಗಳ ಸೀಮೆಗಳನ್ನು ವರ್ಣಿಸಿದ್ದರು. ಕಸುಬಿನ ಗುಟ್ಟು ಅಲ್ಲಿ ಗುಟ್ಟಾಗಿ ಉಳಿಯುವುದಿಲ್ಲ, ಒಬ್ಬರದನ್ನು ನೋಡಿ ಇನ್ನೊಬ್ಬರು ಕಲಿಯುತ್ತಾರೆ ಎಂದಿದ್ದರು. 1984ರಲ್ಲಿ ವಿದ್ವಾಂಸರಾದ ಪಿಯೋರೆ ಮತ್ತು ಸೇಬಲ್ ಇಟಲಿಯ ಸಣ್ಣ ಪಟ್ಟಣಗಳಲ್ಲಿ ಅದನ್ನೇ ಮತ್ತೆ ಕಂಡರು. ಈ ಕಣ್ಣಿನಿಂದ ನೋಡಿದರೆ ಶಹಾಬಾದ್, ಸೇಡಂ, ಚಿತ್ತಾಪುರಗಳ ಜಾಲ ಫರ್ಸಿಯಲ್ಲಿದೆ.

ಖಣಿಯಲ್ಲಿ ಪದರ ಎಬ್ಬಿಸುವವನು ಒಬ್ಬ. ಅಂಚು ಕತ್ತರಿಸುವವನು ಇನ್ನೊಬ್ಬ, ಪಾಲಿಶ್ ಮಶೀನು ಇಟ್ಟವನು ಮಗದೊಬ್ಬ, ಲಾರಿ ಹೊಂದಿಸುವ ಏಜೆಂಟ್ ಬೇರೆ, ಪಾಲಿಶ್ ಕಲ್ಲು ಮಾರುವವನು ಬೇರೆ. ಮಶೀನು ಕೆಟ್ಟರೆ ಅದೇ ಬೀದಿಯ ಮೆಕ್ಯಾನಿಕ್ ಬರುತ್ತಾನೆ. ಯಾರೂ ಯಾವ ಕೋರ್ಸೂ ಮಾಡಿದವರಲ್ಲ, ನೋಡಿ ಕಲಿತವರು. ತೆಲಂಗಾಣದ ತಾಂಡೂರಿನವರೆಗೂ ಒಂದೇ ಕಸುಬಿನ ನಂಟು. ಪುಸ್ತಕದಲ್ಲಿ ಹೇಳಿದ ಲಕ್ಷಣ ಎಲ್ಲವೂ ಇದೆ, ಪ್ರೋತ್ಸಾಹ ಮಾತ್ರ ಇಲ್ಲ. ಅದೇ ಸುಣ್ಣಕಲ್ಲು ಸಿಮೆಂಟಿಗೆ ಹೋದರೆ ಪ್ರಧಾನ ಖನಿಜ, ನೆಲಕ್ಕೆ ಹಾಸಿದರೆ ಉಪಖನಿಜ. ಒಂದಕ್ಕೆ ಕೇಂದ್ರದ ಕಾಯ್ದೆ, ಇನ್ನೊಂದಕ್ಕೆ ರಾಜ್ಯದ ನಿಯಮ.

ಇಟಲಿಯ ಊರುಗಳಲ್ಲಿದ್ದ ಒಂದು ಗುಣ ಇಲ್ಲಿ ಬರಲಿಲ್ಲ. ಪೈಪೋಟಿ ಇತ್ತು, ಕೂಡಿ ಮಾಡುವ ಕೆಲಸ ಇರಲಿಲ್ಲ. ಎಲ್ಲರೂ ಒಂದೇ ಸೈಜಿನ ಕಲ್ಲನ್ನು ಒಬ್ಬರಿಗಿಂತ ಒಬ್ಬರು ಅಗ್ಗವಾಗಿ ಮಾರಿದರು. ಗುಜರಾತಿನ ಮೋರ್ಬಿಯಿಂದ ವಿಟ್ರಿಫೈಡ್ ಟೈಲ್ಸ್ ಬಂದು ನಗರದ ಮನೆಗಳ ನೆಲ ಹಿಡಿಯಿತು. ಮೋರ್ಬಿಯೂ ಸಣ್ಣ, ಮಧ್ಯಮ ಕಾರ್ಖಾನೆಗಳ ಊರೇ ಎಂಬುದನ್ನು ಗಮನಿಸಬೇಕು. ಪಾಲಿಶಿನ ಕೆಸರು ಹಳ್ಳ ಸೇರುವುದು, ಖಣಿ ಕಾರ್ಮಿಕನ ಎದೆಗೆ ದೂಳು ಇಳಿಯುವುದು ಇವೆಲ್ಲ ಯಾರೊಬ್ಬರೂ ಒಂಟಿಯಾಗಿ ಬಿಡಿಸಲಾಗದ ಸಮಸ್ಯೆಗಳು, ಹಾಗಾಗಿ ಬಿಡಿಸದೆಯೇ ಉಳಿದವು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದಕ್ಕಿತು. ಸಂಘಟಿತವಾಗಿ ಕೇಳಿದರೆ ಸಿಗುತ್ತದೆ ಎಂಬುದಕ್ಕೆ ಅದು ಪಕ್ಕದ ಮನೆಯ ಉದಾಹರಣೆ.

ವಾಹನೋದ್ಯಮ ಇಲ್ಲಿಲ್ಲ ಎನ್ನುವುದೂ ಅರ್ಧ ಸತ್ಯ. ಸಿಮೆಂಟ್ ಮೂಟೆ, ಕ್ಲಿಂಕರ್, ಹಾರುಬೂದಿಯ ಬಲ್ಕರ್, ಫರ್ಸಿ, ತೊಗರಿ, ಎಲ್ಲವೂ ಲಾರಿಯ ಮೇಲೆ ಓಡಾಡುತ್ತವೆ. ಕಾರ್ಖಾನೆ ದಾರಿಗಳ ಬದಿಯಲ್ಲಿ ಸ್ಪ್ರಿಂಗ್ ಪ್ಲೇಟು ಬಡಿಯುವವರು, ರೇಡಿಯೇಟರ್ ಬೆಸೆಯುವವರು, ಟೈರಿಗೆ ಹೊಸ ರಬ್ಬರ್ ಹಾಕುವವರು, ಬಾಡಿ ಕಟ್ಟುವವರು ಇದ್ದಾರೆ. ಸರ್ಕಾರದ ಲೆಕ್ಕದಲ್ಲಿ ಇವರು "ಸೇವಾ ವಲಯ". ಹಾಗಾಗಿ ಕೈಗಾರಿಕಾ ನೀತಿಯಲ್ಲಿ ಇವರಿಗೆ ಹೆಸರಿಲ್ಲ. ಒಡೆದ ಲಾರಿಯನ್ನು ಸಂಜೆಯೊಳಗೆ ರಸ್ತೆಗೆ ಬಿಡುವ ಈ ಗ್ಯಾರೇಜುಗಳಷ್ಟು ಲೋಹದ ಕೆಲಸದ ಅನುಭವ ಈ ಭಾಗದ ಬೇರೆ ಯಾರಲ್ಲೂ ಇಲ್ಲವೆಂದೇ ನನಗನಿಸುತ್ತದೆ.

ಒಡೆತನ ಎರಡು ಮನೆಗಳಿಗೆ

2022ರ ಸೆಪ್ಟೆಂಬರಿನಲ್ಲಿ ಎಸಿಸಿ, ಅಂಬುಜಾ ಎರಡೂ ಅದಾನಿ ಸಮೂಹದ ತೆಕ್ಕೆಗೆ ಬಿದ್ದವು. 2025ರಲ್ಲಿ ಓರಿಯೆಂಟ್ ಸಿಮೆಂಟ್ ಅಂಬುಜಾ ಪಾಲಾಯಿತು. ಹೀಗೆ ವಾಡಿ ಮತ್ತು ಇಟಗಾ ಒಂದೇ ಮನೆಗೆ ಸೇರಿದವು. ಅದೇ 2025ರಲ್ಲಿ ವಾಸವದತ್ತಾ ನಡೆಸುತ್ತಿದ್ದ ಕೇಸೋರಾಮ್‌ನ ಸಿಮೆಂಟ್ ವ್ಯವಹಾರ ಅಲ್ಟ್ರಾಟೆಕ್‌ನೊಳಗೆ ಸೇರಿತು. ರಾಜಶ್ರೀ ಮೊದಲೇ ಅಲ್ಟ್ರಾಟೆಕ್ ಆಗಿದ್ದರಿಂದ ಮಳಖೇಡ ಮತ್ತು ವಾಸವದತ್ತಾ ಇನ್ನೊಂದು ಮನೆಗೆ. ಶ್ರೀ, ವಿಕಾ, ಚೆಟ್ಟಿನಾಡ್ ಹೊರಗುಳಿದಿವೆ.

ಇದರ ಫಲದ ಬಗ್ಗೆ ಎರಡು ಮಾತಿವೆ. ಖರೀದಿ ಈಗ ಮುಂಬೈ, ಅಹಮದಾಬಾದಿನಲ್ಲಿ ಕೂತು ದೇಶಕ್ಕೆಲ್ಲ ಒಟ್ಟಿಗೆ ನಡೆಯುತ್ತದೆ, ಸೇಡಂನ ಸಣ್ಣ ಉದ್ಯಮಿಗೆ ಬಾಗಿಲು ಇನ್ನೂ ದೂರವಾಯಿತು ಎನ್ನುವವರು ಒಂದು ಕಡೆ. ಇನ್ನೊಂದು ಕಡೆಯವರು ಹೇಳುವುದು: ಅಕ್ಕಪಕ್ಕದ ಎರಡು ಕಾರ್ಖಾನೆಗೆ ಒಬ್ಬನೇ ಒಡೆಯನಾದರೆ ಎರಡರ ಶಟ್‌ಡೌನನ್ನೂ ಬೇರೆ ಬೇರೆ ತಿಂಗಳಿಗೆ ಹೊಂದಿಸಿ ಒಂದೇ ಸ್ಥಳೀಯ ತಂಡಕ್ಕೆ ವರ್ಷವಿಡೀ ಕೆಲಸ ಕೊಡಬಹುದು. ಎರಡನೆಯದು ಲೆಕ್ಕದಲ್ಲಿ ಸರಿ. ಹಾಗೆ ಮಾಡಲು ಯಾರಾದರೂ ಒತ್ತಾಯಿಸಿದರೆ ಮಾತ್ರ ಆದೀತು ಎಂಬುದು ನನ್ನ ಅನುಮಾನ. ಕೇಂದ್ರ ಸರ್ಕಾರದ ಉದ್ದಿಮೆಗಳು ಖರೀದಿಯ ಕಾಲುಭಾಗವನ್ನು ಸಣ್ಣ ಉದ್ಯಮಗಳಿಂದ ಮಾಡಬೇಕೆಂಬ ನಿಯಮವಿದೆ, ಖಾಸಗಿಯವರಿಗೆ ಅದಿಲ್ಲ. 45 ದಿನದೊಳಗೆ ಸಣ್ಣವರ ಬಾಕಿ ತೀರಿಸಬೇಕೆಂಬ 2006ರ ಕಾಯ್ದೆ ಎಲ್ಲರಿಗೂ ಅನ್ವಯಿಸುತ್ತದೆ, ಆದರೆ ದೂರು ಕೊಟ್ಟವನಿಗೆ ಮುಂದಿನ ಆರ್ಡರ್ ಬರುವುದೇ?

ಇತ್ಯರ್ಥವಾಗದ್ದು

ನಿರ್ವಹಣೆಯ ಸುತ್ತ ಒಂದು ಬಳಗ ನಿಜಕ್ಕೂ ನಿಲ್ಲಬಲ್ಲದೇ ಎಂಬುದು ಮೊದಲ ಪ್ರಶ್ನೆ. ಈ ಊರುಗಳ ನಡುವಿನ ದೂರ ಅಷ್ಟೇನೂ ಇಲ್ಲ, ಕಾರ್ಖಾನೆಗಳ ಸಂಖ್ಯೆಯೂ ಸಾಕಷ್ಟಿದೆ. ಆದರೆ ಇಟ್ಟಿಗೆಯ, ಬೇರಿಂಗಿನ ಮಾರುಕಟ್ಟೆ ದೊಡ್ಡ ಕಂಪನಿಗಳದು. ಸ್ಥಳೀಯರಿಗೆ ಉಳಿಯುವ ಪಾಲು ಒಂದು ಉದ್ಯಮ ಸಾಕುವಷ್ಟು ದಪ್ಪಗಿದೆಯೇ ಎಂಬುದರ ಮೇಲೆ ವಾದಿಗಳು ಒಪ್ಪುವುದಿಲ್ಲ. ಜಹೀರಾಬಾದಿನ ಟ್ರ್ಯಾಕ್ಟರಿಗೆ ಚಿಂಚೋಳಿ ಬಿಡಿಭಾಗ ಮಾಡಿಕೊಡಬಹುದೇ, ರಾಜ್ಯದ ಗಡಿಯ ಆಚೀಚೆಯ ರಿಯಾಯಿತಿಗಳು ಅದಕ್ಕೆ ಅಡ್ಡಬರುತ್ತವೆಯೇ ಎಂಬುದೂ ತೆರೆದೇ ಇದೆ.

ಗಣಿ ಗುತ್ತಿಗೆಯ ಪ್ರಶ್ನೆ ಇನ್ನೂ ಹತ್ತಿರದ್ದು. ಗಣಿ ಮತ್ತು ಖನಿಜ ಕಾಯ್ದೆಯ 2015ರ ತಿದ್ದುಪಡಿಯ ಪ್ರಕಾರ ಸ್ವಂತ ಕಾರ್ಖಾನೆಗೆಂದು ಪಡೆದ ಹಳೆಯ ಗುತ್ತಿಗೆಗಳು 2030ರ ಮಾರ್ಚ್ 31ರವರೆಗೆ, ಇಲ್ಲವೇ ನವೀಕರಣದ ಅವಧಿ ಮುಗಿಯುವವರೆಗೆ, ಇಲ್ಲವೇ ಕೊಟ್ಟ ದಿನದಿಂದ 50 ವರ್ಷದವರೆಗೆ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇರುತ್ತವೆ. ಆಮೇಲೆ ಹರಾಜು. ಹರಾಜಿನ ಷರತ್ತಿನಲ್ಲಿ ಸ್ಥಳೀಯ ಖರೀದಿಯ ಮಾತು ಬರುವುದೇ, ಬರಬಹುದೇ? ಟನ್ನಿಗೆ 80 ರೂಪಾಯಿ ರಾಜಧನದ ಮೇಲೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಳೆಯ ಗುತ್ತಿಗೆಗಳಿಂದ ಶೇ 30, ಹರಾಜಿನವುಗಳಿಂದ ಶೇ 10 ಬರುತ್ತದೆ. ಹರಾಜಿಗೆ ಹೋದರೆ ರಾಜ್ಯದ ಬೊಕ್ಕಸಕ್ಕೆ ಹೆಚ್ಚು, ಪ್ರತಿಷ್ಠಾನದ ಕೈಗೆ ಕಡಿಮೆ ಎಂಬ ವಿಚಿತ್ರ ಲೆಕ್ಕವೂ ಇದರೊಳಗಿದೆ.

ಕೊನೆಯದು ಅಂಕಿಗಳದು. ಶೇರುಪೇಟೆಯ ದೊಡ್ಡ ಕಂಪನಿಗಳು ಸೆಬಿಗೆ ಕೊಡುವ ಸುಸ್ಥಿರತೆಯ ವರದಿಯ ನಮೂನೆಯಲ್ಲಿ ಮೊದಲು, ಕಾರ್ಖಾನೆ ಇರುವ ಜಿಲ್ಲೆ ಮತ್ತು ನೆರೆ ಜಿಲ್ಲೆಗಳಿಂದ ಎಷ್ಟು ಪಾಲು ಖರೀದಿಸಿದಿರಿ ಎಂಬ ಕಲಂ ಇತ್ತು. 2023ರ ಪರಿಷ್ಕರಣೆಯಲ್ಲಿ ಅದು "ಭಾರತದೊಳಗಿನಿಂದ ಎಷ್ಟು" ಎಂದಾಯಿತು. ಜಿಲ್ಲೆ ಮಾಯವಾಯಿತು. ಮೇಲೆ ಹೇಳಿದ ಎಲ್ಲ ವಾದಗಳನ್ನೂ ಒರೆಗೆ ಹಚ್ಚಬಹುದಾಗಿದ್ದ ಒಂದು ಸಂಖ್ಯೆ ಹೀಗೆ ಕೈತಪ್ಪಿತು.

ಅದನ್ನು ಕೇಳಿ ಪಡೆಯುವ ಒಂದು ದಾರಿ ಊರಿನವರ ಕೈಯಲ್ಲಿದೆ. ದೊಡ್ಡ ಗಣಿಗೂ ಕಾರ್ಖಾನೆ ವಿಸ್ತರಣೆಗೂ ಪರಿಸರ ಅನುಮತಿಗೆ ಮುನ್ನ 2006ರ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಸಭೆಯಲ್ಲಿ ಎತ್ತಿದ ಪ್ರಶ್ನೆ, ಅದಕ್ಕೆ ಕಂಪನಿ ಕೊಟ್ಟ ಉತ್ತರ ಎರಡೂ ನಡಾವಳಿಯಲ್ಲಿ ದಾಖಲಾಗಬೇಕು. ದೂಳು, ನೀರು, ನೌಕರಿಯ ಪ್ರಶ್ನೆಗಳ ಜೊತೆಗೆ, ಈ ಕಾರ್ಖಾನೆ ಕಳೆದ ವರ್ಷ ಕಲಬುರಗಿ ಜಿಲ್ಲೆಯೊಳಗಿನ ಸಣ್ಣ ಉದ್ಯಮಗಳಿಂದ ಎಷ್ಟು ರೂಪಾಯಿಯ ಸಾಮಾನು, ಎಷ್ಟು ರೂಪಾಯಿಯ ಕೆಲಸ ಕೊಂಡಿತು ಎಂಬುದನ್ನೂ ಮುಂದಿನ ಸಭೆಯಲ್ಲಿ ಲಿಖಿತವಾಗಿ ಕೇಳಿ.